ಒಂದೇ ಸಲ ‘ಅನ್‌ಡೂ’ ಒತ್ತಿದರೆ ಇಡೀ ಪುಟ ಮಾಯವಾಗುವುದೇಕೆ?

ಎಂ.ಎ. ಕೊನೆಯ ವರ್ಷದ ಪ್ರಬಂಧಕ್ಕೆಂದು ಒಂದು ಹಳ್ಳಿಯ ಸ್ವಸಹಾಯ ಸಂಘದ ಸಭೆಗೆ ಹೋಗಿದ್ದೆ. ವಾಟ್ಸಾಪ್‌ನಲ್ಲಿ ಬರುವ ಆರೋಗ್ಯದ ಮೆಸೇಜುಗಳನ್ನು ಅಲ್ಲಿನ ಹೆಂಗಸರು ಯಾವಾಗ ನಂಬುತ್ತಾರೆ, ಯಾವಾಗ ಅನುಮಾನಿಸುತ್ತಾರೆ ಎಂಬುದು ನನ್ನ ವಿಷಯವಾಗಿತ್ತು. ರೆಕಾರ್ಡ್ ಮಾಡುವುದು ಬೇಡ ಎಂದು ಅವರು ಹೇಳಿದ್ದರಿಂದ ಫೋನ್ ಬ್ಯಾಗಿನಲ್ಲೇ ಉಳಿಯಿತು. ರಾತ್ರಿ ರೂಮಿಗೆ ಬಂದು, ನೆನಪಿದ್ದದ್ದನ್ನೆಲ್ಲ ಲ್ಯಾಪ್‌ಟಾಪ್‌ನಲ್ಲಿ ಒಂದೇ ಸಮನೆ ಟೈಪ್ ಮಾಡಿದೆ. ಸುಮಾರು ಒಂದೂವರೆ ಗಂಟೆ ಹಿಡಿಯಿತು.

ಕೊನೆಯಲ್ಲಿ ಒಂದು ಪದ ತಪ್ಪಾಗಿತ್ತು. ಅದನ್ನು ತೆಗೆಯಲು ಅನ್‌ಡೂ ಒತ್ತಿದೆ. ಪದದ ಜೊತೆಗೆ ಆ ಒಂದೂವರೆ ಗಂಟೆಯ ಬರಹವೆಲ್ಲ ಹೋಗಿ ಪರದೆ ಖಾಲಿಯಾಯಿತು. ಗಾಬರಿಯಲ್ಲಿ ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದೆ. ಪರದೆಯ ಮೇಲೆ ಎರಡು ಮೂರು ಅರ್ಥವಿಲ್ಲದ ಅಕ್ಷರ ಮೂಡಿದವು. ಆಮೇಲೆ ಏನು ಮಾಡಿದರೂ ಬರಹ ವಾಪಸ್ ಬರಲಿಲ್ಲ. ಆಟೋಸೇವ್ ಬೇರೆ ಆನ್ ಇತ್ತು, ಅದು ಆ ಖಾಲಿ ಪುಟವನ್ನೇ ಸೇವ್ ಮಾಡಿತು.

ಮಾರನೆಯ ದಿನ ಹಾಸ್ಟೆಲಿನಲ್ಲಿ ಸಿಕ್ಕ ವಿವರಣೆಗಳು ಮೂರು. ಒಂದು, ‘ವೈರಸ್ ಇರಬೇಕು ಕಣೇ’. ಎರಡು, ‘ಆ ಸಾಫ್ಟ್‌ವೇರೇ ಸರಿಯಿಲ್ಲ’. ಮೂರು, ‘ಒಮ್ಮೆ ಅನ್‌ಡೂ ಮಾಡಿದರೆ ಮುಗೀತು, ಮತ್ತೆ ಬರಲ್ಲ’. ಮೂರೂ ತಪ್ಪು ಎಂದು ಗೊತ್ತಾಗಲು ನನಗೆ ಬಹಳ ದಿನ ಬೇಕಾಯಿತು. ನಡೆದದ್ದು ಏನು, ನಿಮಗೂ ಹೀಗಾದರೆ ಮೊದಲು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಚಿಕ್ಕ ಉತ್ತರ

ನಾನು ಬಳಸುತ್ತಿದ್ದ ಎಡಿಟರ್‌ನಲ್ಲಿ ‘ವಿಮ್ ಮೋಡ್’ ಆನ್ ಆಗಿತ್ತು. ಕಂಪ್ಯೂಟರ್ ಓದುವ ಗೆಳತಿಯೊಬ್ಬಳು ‘ಬೇಗ ಟೈಪ್ ಮಾಡಬಹುದು’ ಎಂದು ಹಾಕಿಕೊಟ್ಟಿದ್ದಳು. ಇಂಥ ಮೋಡ್‌ನಲ್ಲಿ ಅನ್‌ಡೂ ಲೆಕ್ಕ ಹಾಕುವ ರೀತಿಯೇ ಬೇರೆ. ನೀವು ಬರೆಯಲು ಶುರು ಮಾಡಿದಲ್ಲಿಂದ ನಿಲ್ಲಿಸುವವರೆಗಿನದ್ದೆಲ್ಲ ಅದಕ್ಕೆ ಒಂದೇ ಕೆಲಸ. ಹಾಗಾಗಿ ಒಂದು ಅನ್‌ಡೂಗೆ ಒಂದು ಪುಟ ಹೋಗಬಹುದು. ಹೋದ ಪುಟ ಆ ಕ್ಷಣದಲ್ಲಿ ನಾಶವಾಗಿರುವುದಿಲ್ಲ, ‘ರೀಡೂ’ ಒತ್ತಿದರೆ ವಾಪಸ್ ಬರುತ್ತದೆ. ನನ್ನ ಬರಹವನ್ನು ಕಳೆದದ್ದು ಅನ್‌ಡೂ ಅಲ್ಲ, ಅದಾದ ಮೇಲೆ ಗಾಬರಿಯಲ್ಲಿ ಟೈಪ್ ಮಾಡಿದ ಆ ಎರಡು ಮೂರು ಅಕ್ಷರ.

‘ಮೋಡ್’ ಎಂದರೇನು?

ನಿಮ್ಮ ಫೋನಿನ ಕ್ಯಾಮೆರಾ ತೆರೆಯಿರಿ. ಕೆಳಗೆ ಒಂದು ದುಂಡನೆಯ ಬಟನ್ ಇದೆ. ‘ಫೋಟೋ’ ಆಯ್ಕೆಯಲ್ಲಿ ಅದನ್ನು ಒತ್ತಿದರೆ ಫೋಟೋ ಬರುತ್ತದೆ. ‘ವಿಡಿಯೋ’ ಆಯ್ಕೆಯಲ್ಲಿ ಅದನ್ನೇ ಒತ್ತಿದರೆ ರೆಕಾರ್ಡಿಂಗ್ ಶುರುವಾಗುತ್ತದೆ. ಬಟನ್ ಒಂದೇ, ಅರ್ಥ ಎರಡು. ಯಾವ ಅರ್ಥ ಎಂದು ತೀರ್ಮಾನಿಸುವುದೇ ಮೋಡ್.

ವಿಮ್ ಥರದ ಎಡಿಟರ್‌ಗಳಲ್ಲಿ ಇಡೀ ಕೀಬೋರ್ಡ್ ಹೀಗೆ ಕೆಲಸ ಮಾಡುತ್ತದೆ. ‘ಇನ್ಸರ್ಟ್’ ಮೋಡ್‌ನಲ್ಲಿ ಕೀಲಿ ಒತ್ತಿದರೆ ಅಕ್ಷರ ಮೂಡುತ್ತದೆ. ಎಸ್ಕೇಪ್ ಕೀಲಿ ಒತ್ತಿ ‘ನಾರ್ಮಲ್’ ಮೋಡ್‌ಗೆ ಬಂದರೆ ಅದೇ ಕೀಲಿಗಳು ಆಜ್ಞೆಗಳಾಗುತ್ತವೆ. ಎಕ್ಸ್ ಒತ್ತಿದರೆ ಒಂದು ಅಕ್ಷರ ಅಳಿಯುತ್ತದೆ, ಡಿ ಎರಡು ಸಲ ಒತ್ತಿದರೆ ಒಂದು ಸಾಲು ಅಳಿಯುತ್ತದೆ, ಯು ಒತ್ತಿದರೆ ಅನ್‌ಡೂ ಆಗುತ್ತದೆ. ರೀಡೂ ಮಾಡಲು ಕಂಟ್ರೋಲ್ ಮತ್ತು ಆರ್ ಒಟ್ಟಿಗೆ ಒತ್ತಬೇಕು.

ಈ ಪದ್ಧತಿ ಈಗ ವಿಮ್ ಎಂಬ ಒಂದು ತಂತ್ರಾಂಶಕ್ಕೆ ಸೀಮಿತವಲ್ಲ. ಪ್ರೋಗ್ರಾಮರ್‌ಗಳು ಬಳಸುವ ವಿಎಸ್ ಕೋಡ್, ಇಂಟೆಲಿಜೆ, ಈಮ್ಯಾಕ್ಸ್‌ಗಳಿಗೆ ವಿಮ್ ಅನುಕರಣೆಯ ವಿಸ್ತರಣೆಗಳಿವೆ. ಟಿಪ್ಪಣಿ ಬರೆಯುವ ಅಬ್ಸಿಡಿಯನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೂ, ಸಂಶೋಧಕರು ಪ್ರಬಂಧ ಬರೆಯುವ ಓವರ್‌ಲೀಫ್‌ನಲ್ಲೂ ವಿಮ್ ಕೀಲಿಗಳ ಆಯ್ಕೆ ಇದೆ. ಕೀಲಿಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಯು ಒತ್ತಿದಾಗ ಎಷ್ಟು ಹಿಂದೆ ಹೋಗುತ್ತೀರಿ ಎಂಬುದು ಒಂದೇ ಅಲ್ಲ. ತೊಂದರೆ ಶುರುವಾಗುವುದು ಅಲ್ಲೇ.

ಅನ್‌ಡೂ ಯಾವ ಸ್ಟಾಪಿನಲ್ಲಿ ನಿಲ್ಲುತ್ತದೆ?

ಅನ್‌ಡೂ ಎಂದರೆ ಸಮಯವನ್ನು ಹಿಂದಕ್ಕೆ ತಿರುಗಿಸುವುದು ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಅದಕ್ಕೆ ಗೊತ್ತಿರುವುದು ಹಂತಗಳು ಮಾತ್ರ. ಎಡಿಟರ್ ನಿಮ್ಮ ಬರಹವನ್ನು ಹಂತಗಳಾಗಿ ಕತ್ತರಿಸಿ ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ಒಂದು ಅನ್‌ಡೂ ಒಂದು ಹಂತ ಹಿಂದಕ್ಕೆ ಹೋಗುತ್ತದೆ.

ಬಸ್ಸಿಗೆ ಹೋಲಿಸಿ ನೋಡಿ. ಶಟಲ್ ಬಸ್ ಪ್ರತಿ ಊರಿನಲ್ಲೂ ನಿಲ್ಲುತ್ತದೆ. ನಿಮ್ಮ ಊರು ದಾಟಿದರೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರಬಹುದು. ನಾನ್‌ಸ್ಟಾಪ್ ಬಸ್ ಹಾಗಲ್ಲ. ಹತ್ತಿದ ಊರು ಬಿಟ್ಟರೆ ಇಳಿಯುವ ಊರಿನಲ್ಲೇ ನಿಲ್ಲುವುದು.

ಸಾಮಾನ್ಯ ಎಡಿಟರ್‌ಗಳ ಅನ್‌ಡೂ ಶಟಲ್ ಬಸ್ಸಿನಂತೆ. ಕೆಲವು ಅಕ್ಷರಕ್ಕೋ ಪದಕ್ಕೋ ಒಂದು ಸ್ಟಾಪ್ ಇರುತ್ತದೆ. ವಿಮ್‌ನಲ್ಲಿ ಇನ್ಸರ್ಟ್ ಮೋಡ್‌ಗೆ ಹೋದದ್ದು ಒಂದು ಸ್ಟಾಪ್, ಎಸ್ಕೇಪ್ ಒತ್ತಿ ಹೊರಬಂದದ್ದು ಇನ್ನೊಂದು ಸ್ಟಾಪ್. ನಡುವೆ ಮೂರು ಅಕ್ಷರ ಬರೆದರೂ ಮೂರು ಪುಟ ಬರೆದರೂ ಹಂತ ಒಂದೇ.

ಇದು ದೋಷವಲ್ಲ, ಬೇಕೆಂದೇ ಮಾಡಿದ ನಿಯಮ. ಪ್ರೋಗ್ರಾಮರ್‌ಗಳು ಇನ್ಸರ್ಟ್ ಮೋಡ್‌ಗೆ ಹೋಗಿ, ಒಂದು ಸಾಲು ತಿದ್ದಿ, ತಕ್ಷಣ ಎಸ್ಕೇಪ್ ಒತ್ತಿ ಹೊರಬರುತ್ತಾರೆ. ಅವರಿಗೆ ‘ಈಗ ಮಾಡಿದ ತಿದ್ದುಪಡಿ ಬೇಡ’ ಎಂದರೆ ಇಡೀ ತಿದ್ದುಪಡಿಯೇ ಬೇಡ. ಅವರ ಕೆಲಸಕ್ಕೆ ಈ ನಿಯಮ ಚೆನ್ನಾಗಿ ಹೊಂದುತ್ತದೆ. ನನ್ನ ಹಾಗೆ ಗಂಟೆಗಟ್ಟಲೆ ಎಸ್ಕೇಪ್ ಮುಟ್ಟದೆ ಬರೆಯುವವರಿಗೆ ಇದೇ ನಿಯಮ ಅಪಾಯ ತರುತ್ತದೆ.

ಇನ್ನೊಂದು ವಿಚಿತ್ರ ನೋಡಿ. ವಿಮ್‌ನಲ್ಲಿ ಬರೆಯುತ್ತಿರುವಾಗಲೇ ಬಾಣದ ಕೀಲಿ ಒತ್ತಿ ಕರ್ಸರ್ ಸರಿಸಿದರೆ ಅಲ್ಲೊಂದು ಹೊಸ ಸ್ಟಾಪ್ ಹುಟ್ಟುತ್ತದೆ. ಆದ್ದರಿಂದ ಒಂದೇ ಎಡಿಟರ್‌ನಲ್ಲಿ, ಒಂದೇ ಉದ್ದದ ಬರಹಕ್ಕೆ, ನಿನ್ನೆ ಒಂದು ಅನ್‌ಡೂ ಸಾಕಾಗಿದ್ದು ಇಂದು ಐದು ಬೇಕಾಗಬಹುದು. ನಿಯಮ ಗೊತ್ತಿಲ್ಲದವರಿಗೆ ಕಂಪ್ಯೂಟರ್ ಮನಸ್ಸಿಗೆ ಬಂದಂತೆ ಆಡುತ್ತಿದೆ ಎನಿಸುವುದು ಸಹಜ.

ಹಿಂದೆ ಒಂದೇ ಹೆಜ್ಜೆ ನೆನಪಿತ್ತು

1974ರಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾಲಯದಲ್ಲಿ ‘ಬ್ರಾವೋ’ ಎಂಬ ಎಡಿಟರ್ ತಯಾರಾಯಿತು. ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೋನಿ ಅದರ ಹಿಂದಿದ್ದವರು. ಅದೂ ಮೋಡ್‌ಗಳಿದ್ದ ಎಡಿಟರ್. ಅದರ ಬಗ್ಗೆ ಕಂಪ್ಯೂಟರ್ ಲೋಕದಲ್ಲಿ ಒಂದು ಕಥೆ ಪ್ರಸಿದ್ಧವಾಗಿದೆ. ಒಬ್ಬರು ತಾವು ಟೈಪಿಂಗ್ ಮೋಡ್‌ನಲ್ಲಿದ್ದೇವೆ ಎಂದುಕೊಂಡು ‘ಎಡಿಟ್’ ಎಂಬ ಇಂಗ್ಲಿಷ್ ಪದ ಟೈಪ್ ಮಾಡಿದರು. ಆದರೆ ಅವರಿದ್ದದ್ದು ಆಜ್ಞೆಯ ಮೋಡ್‌ನಲ್ಲಿ. ಅಲ್ಲಿ ಇ ಎಂದರೆ ‘ಎಲ್ಲವನ್ನೂ ಆಯ್ಕೆ ಮಾಡು’, ಡಿ ಎಂದರೆ ‘ಅಳಿಸು’, ಐ ಎಂದರೆ ‘ಬರೆಯಲು ಶುರು ಮಾಡು’. ಉಳಿದ ಟಿ ಅಕ್ಷರವಾಗಿ ಮೂಡಿತು. ಇಡೀ ದಾಖಲೆ ಹೋಗಿ ಅದರ ಜಾಗದಲ್ಲಿ ಒಂದೇ ಒಂದು ಟಿ ಉಳಿಯಿತು. ಅನ್‌ಡೂಗೆ ಕೊನೆಯ ಒಂದು ಕೆಲಸ ಮಾತ್ರ ನೆನಪಿದ್ದುದರಿಂದ ಆ ಟಿ ಹೋಯಿತೇ ಹೊರತು ದಾಖಲೆ ವಾಪಸ್ ಬರಲಿಲ್ಲ ಎಂದು ಕಥೆ ಮುಗಿಯುತ್ತದೆ.

ಅದೇ ಪಾರ್ಕ್‌ನಲ್ಲಿ ಕೆಲಸ ಮಾಡುತ್ತಿದ್ದ ಲ್ಯಾರಿ ಟೆಸ್ಲರ್‌ಗೆ ಮೋಡ್‌ಗಳೆಂದರೆ ಆಗುತ್ತಿರಲಿಲ್ಲ. ನಾವು ದಿನಾ ಬಳಸುವ ಕಟ್, ಕಾಪಿ, ಪೇಸ್ಟ್ ಅನ್ನು ಟಿಮ್ ಮಾಟ್ ಜೊತೆ ಸೇರಿ ರೂಪಿಸಿದವರು ಇವರೇ. ತಮ್ಮ ಕಾರಿನ ನಂಬರ್ ಪ್ಲೇಟಿನ ಮೇಲೂ ‘ನೋ ಮೋಡ್ಸ್’ ಎಂದು ಬರೆಸಿಕೊಂಡಿದ್ದರು. 2020ರಲ್ಲಿ ತೀರಿಕೊಂಡರು. ನಿಮ್ಮ ಫೋನಿನಲ್ಲಿ ಯಾವುದೇ ಎಸ್ಕೇಪ್ ಕೀಲಿ ಇಲ್ಲದೆ ನೇರವಾಗಿ ಟೈಪ್ ಮಾಡಲು ಆಗುತ್ತಿರುವುದರಲ್ಲಿ ಅಂಥವರ ಹಠದ ಪಾಲಿದೆ.

ಆದರೆ ಮೋಡ್‌ಗಳು ಸಾಯಲಿಲ್ಲ. 1976ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ‘ವಿ-ಐ’ ಎಂಬ ಎಡಿಟರ್ ಬರೆಯತೊಡಗಿದರು. ಅವರು ಮನೆಯಿಂದ ಬಳಸುತ್ತಿದ್ದ ಮೋಡೆಮ್ ಸೆಕೆಂಡಿಗೆ ಸುಮಾರು 30 ಅಕ್ಷರ ಮಾತ್ರ ಕಳಿಸುತ್ತಿತ್ತು. 80 ಅಕ್ಷರದ 24 ಸಾಲುಗಳಿರುವ ಪರದೆಯನ್ನು ಒಮ್ಮೆ ತುಂಬಿಸಲು ಒಂದು ನಿಮಿಷಕ್ಕಿಂತ ಹೆಚ್ಚು ಬೇಕು. ಅಂಥ ಪರಿಸ್ಥಿತಿಯಲ್ಲಿ ಒಂದೊಂದು ಅಕ್ಷರದ ಆಜ್ಞೆಗಳು ದೊಡ್ಡ ಉಳಿತಾಯ. ವಿ-ಐನಲ್ಲೂ ಯು ಎಂದರೆ ಅನ್‌ಡೂ, ಆದರೆ ಒಂದೇ ಹೆಜ್ಜೆ. ಎರಡನೇ ಸಲ ಯು ಒತ್ತಿದರೆ ಇನ್ನೂ ಹಿಂದೆ ಹೋಗುತ್ತಿರಲಿಲ್ಲ, ಮೊದಲನೇ ಅನ್‌ಡೂ ರದ್ದಾಗುತ್ತಿತ್ತು. ಲೈಟಿನ ಸ್ವಿಚ್ಚಿನ ಹಾಗೆ, ಒತ್ತಿದರೆ ಆಫ್, ಮತ್ತೆ ಒತ್ತಿದರೆ ಆನ್.

ವಿಮ್ ತಂದ ಬದಲಾವಣೆ: ಸಾಲಿನ ಬದಲು ಮರ

ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೂಲೆನಾರ್ 1991ರಲ್ಲಿ ವಿಮ್ ಅನ್ನು ಬಿಡುಗಡೆ ಮಾಡಿದರು. 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬೆಳೆಸುತ್ತಲೇ ಇದ್ದರು. ಈಗ ಲಿನಕ್ಸ್, ವಿಂಡೋಸ್‌ಗಳಲ್ಲಿ ವಿಮ್ ತಾನಾಗಿಯೇ 1000 ಹಂತಗಳವರೆಗೆ ನೆನಪಿಟ್ಟುಕೊಳ್ಳುತ್ತದೆ. ಆದರೆ ಎಷ್ಟು ಹಂತ ಎಂಬುದಕ್ಕಿಂತ ಮುಖ್ಯವಾದ ಸುಧಾರಣೆ 2006ರ 7ನೇ ಆವೃತ್ತಿಯಲ್ಲಿ ಬಂತು.

ಒಂದು ಉದಾಹರಣೆ. ನೀವು ಸಾಮಾನಿನ ಪಟ್ಟಿಯಲ್ಲಿ ‘ಹಾಲು’ ಎಂದು ಬರೆದಿರಿ. ಬೇಡವೆನಿಸಿ ಅನ್‌ಡೂ ಮಾಡಿದಿರಿ. ಆ ಜಾಗದಲ್ಲಿ ‘ಮೊಸರು’ ಎಂದು ಬರೆದಿರಿ. ಈಗ ‘ಹಾಲು’ ಎಲ್ಲಿದೆ?

ಹೆಚ್ಚಿನ ಎಡಿಟರ್‌ಗಳಲ್ಲಿ ಎಲ್ಲೂ ಇಲ್ಲ. ಅವುಗಳ ಇತಿಹಾಸ ಒಂದು ನೇರ ಸಾಲು. ಹಿಂದೆ ಬಂದು ಹೊಸದಾಗಿ ಬರೆದ ಕೂಡಲೇ, ಮುಂದಿದ್ದ ಹಳೆಯ ಸಾಲನ್ನು ಕತ್ತರಿಸಿ ಎಸೆಯುತ್ತವೆ. ರೀಡೂ ಬಟನ್ ಮಂಕಾಗುವುದು ಅದಕ್ಕೇ. ಅಂದು ರಾತ್ರಿ ನನಗಾದದ್ದೂ ಇದೇ. ಅನ್‌ಡೂ ಆದ ಮೇಲೆ ನನ್ನ ಪುಟ ರೀಡೂ ಪಟ್ಟಿಯಲ್ಲಿ ಭದ್ರವಾಗಿತ್ತು. ನಾನು ಎರಡು ಅಕ್ಷರ ಒತ್ತಿದೆ, ಪಟ್ಟಿ ಕತ್ತರಿಸಿಹೋಯಿತು.

ವಿಮ್‌ನಲ್ಲಿ ಹಾಗಾಗುವುದಿಲ್ಲ. ಅದರ ಇತಿಹಾಸ ಒಂದು ಮರ. ‘ಹಾಲು’ ಒಂದು ಕೊಂಬೆ, ‘ಮೊಸರು’ ಇನ್ನೊಂದು ಕೊಂಬೆ. ನಾರ್ಮಲ್ ಮೋಡ್‌ನಲ್ಲಿ ಜಿ ಒತ್ತಿ ಮೈನಸ್ ಚಿಹ್ನೆ ಒತ್ತುತ್ತಾ ಹೋದರೆ, ಕೊಂಬೆ ಯಾವುದೇ ಇರಲಿ, ಬರೆದ ಕಾಲದ ಕ್ರಮದಲ್ಲಿ ಹಿಂದಕ್ಕೆ ಹೋಗಬಹುದು. ‘ಹತ್ತು ನಿಮಿಷದ ಹಿಂದೆ ಈ ಕಡತ ಹೇಗಿತ್ತೋ ಹಾಗೆ ಮಾಡು’ ಎಂದು ಕೇಳುವ ಆಜ್ಞೆಯೂ ಇದೆ. ನಾನು ನಿಜವಾದ ವಿಮ್ ಬಳಸಿದ್ದರೆ ಟಿಪ್ಪಣಿ ಸಿಗುತ್ತಿತ್ತು. ನಾನು ಬಳಸಿದ್ದು ಅನುಕರಣೆಯನ್ನು.

ಅನುಕರಣೆಗಳಲ್ಲಿ ಕೀಲಿ ವಿಮ್‌ನದು, ನೆನಪು ಬೇರೆಯವರದು

ವಿಮ್ ಅನುಕರಿಸುವ ವಿಸ್ತರಣೆ ಬರೆಯುವವರಿಗೆ ಕೀಲಿಗಳನ್ನು ನಕಲು ಮಾಡುವುದು ಹೆಚ್ಚು ಕಷ್ಟವಲ್ಲ. ಇತಿಹಾಸ ಇಟ್ಟುಕೊಳ್ಳುವ ಕೆಲಸವನ್ನು ಮಾತ್ರ ಬಹುತೇಕ ಸಲ ಒಳಗಿರುವ ಮೂಲ ಎಡಿಟರ್‌ಗೆ ಬಿಡಬೇಕಾಗುತ್ತದೆ. ಆ ಮೂಲ ಎಡಿಟರ್ ತನ್ನದೇ ಲೆಕ್ಕದಲ್ಲಿ ಹಂತ ಕತ್ತರಿಸಿರುತ್ತದೆ.

ಅಬ್ಸಿಡಿಯನ್ ಮತ್ತು ಓವರ್‌ಲೀಫ್ ಒಳಗೆ ಕೋಡ್‌ಮಿರರ್ ಎಂಬ ಎಡಿಟರ್ ಇದೆ. ಅದು ಹಂತಗಳನ್ನು ಗಡಿಯಾರ ನೋಡಿ ಕತ್ತರಿಸುತ್ತದೆ. ಟೈಪ್ ಮಾಡುವಾಗ ಅರ್ಧ ಸೆಕೆಂಡಿಗಿಂತ ಹೆಚ್ಚು ಬಿಡುವು ಕೊಟ್ಟರೆ ಹೊಸ ಹಂತ ಶುರುವಾಗುವುದು ಅದರ ಸಾಮಾನ್ಯ ನಿಯಮ. ಅಲ್ಲಿ ನಿಧಾನವಾಗಿ ಟೈಪ್ ಮಾಡುವವರಿಗೆ ಸ್ಟಾಪ್‌ಗಳು ಹೆಚ್ಚು, ವೇಗವಾಗಿ ಟೈಪ್ ಮಾಡುವವರಿಗೆ ಕಡಿಮೆ.

ಈಮ್ಯಾಕ್ಸ್ ಮತ್ತೊಂದು ಹಳೆಯ, ಶಕ್ತಿಶಾಲಿ ಎಡಿಟರ್. ಅದು ಸತತವಾಗಿ ಟೈಪ್ ಮಾಡಿದ ಅಕ್ಷರಗಳನ್ನು ಗರಿಷ್ಠ 20ರ ಗುಂಪುಗಳಾಗಿ ಕಟ್ಟುತ್ತದೆ. ಅದರ ಅನ್‌ಡೂಗೆ ಇನ್ನೊಂದು ವಿಶೇಷವಿದೆ. ಅನ್‌ಡೂ ಮಾಡಿದ್ದನ್ನೂ ಒಂದು ಬದಲಾವಣೆ ಎಂದೇ ಅದು ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ‘ಹಾಲು’ ಕಳೆಯುವುದಿಲ್ಲ. ಅನ್‌ಡೂ ಒತ್ತುತ್ತಲೇ ಹೋದರೆ ‘ಮೊಸರು’ ಹೋಗಿ, ಹಳೆಯ ಅನ್‌ಡೂ ರದ್ದಾಗಿ, ‘ಹಾಲು’ ವಾಪಸ್ ಬರುತ್ತದೆ.

ಈಮ್ಯಾಕ್ಸ್‌ನಲ್ಲಿ ವಿಮ್ ಕೀಲಿಗಳನ್ನು ತರುವ ವಿಸ್ತರಣೆಯ ಹೆಸರು ‘ಈವಿಲ್’. ಅದು ಆ 20ರ ಗುಂಪುಗಳನ್ನು ಬದಿಗಿಟ್ಟು, ವಿಮ್‌ನಂತೆಯೇ ಇಡೀ ಇನ್ಸರ್ಟ್ ಅನ್ನು ಒಂದು ಹಂತ ಮಾಡುತ್ತದೆ. ಬೇಡವೆಂದರೆ ಸೂಕ್ಷ್ಮ ಅನ್‌ಡೂ ಎಂಬ ಸೆಟ್ಟಿಂಗ್ ಆನ್ ಮಾಡಿಕೊಳ್ಳಬಹುದು. ಆದರೆ ಈವಿಲ್ ಹೊಸದಾಗಿ ಹಾಕಿಕೊಂಡವರು ಯು ಒತ್ತಿ, ಬರಹ ಮಾಯವಾಗಿ, ಅಭ್ಯಾಸದಂತೆ ರೀಡೂಗಾಗಿ ಕಂಟ್ರೋಲ್ ಆರ್ ಒತ್ತಿದರೆ, ‘ರೀಡೂ ಬೇಕಾದರೆ ಮೊದಲು ಸೆಟ್ಟಿಂಗ್ ಬದಲಿಸಿ’ ಎಂಬ ಸೂಚನೆ ಬರಬಹುದು. ಯಾವ ಅನ್‌ಡೂ ವ್ಯವಸ್ಥೆ ಬೇಕು ಎಂದು ಬಳಸುವವರೇ ಮೊದಲು ಆರಿಸಿಕೊಟ್ಟಿರಬೇಕು. 2022ರ ಈಮ್ಯಾಕ್ಸ್ 28ರಿಂದ ರೀಡೂ ಅದರೊಳಗೇ ಇದೆ, ಅದನ್ನೇ ಆರಿಸಿದರೆ ಸಾಕು.

ವಿಎಸ್ ಕೋಡ್‌ನ ಜನಪ್ರಿಯ ವಿಮ್ ವಿಸ್ತರಣೆ ತನ್ನದೇ ಇತಿಹಾಸವನ್ನು ಇಟ್ಟುಕೊಳ್ಳುತ್ತದೆ. ಯು ಒತ್ತಿದರೆ ಆ ಪಟ್ಟಿ, ಕಂಟ್ರೋಲ್ ಝಡ್ ಒತ್ತಿದರೆ ವಿಎಸ್ ಕೋಡ್‌ನ ಪಟ್ಟಿ. ಒಂದೇ ಕಡತಕ್ಕೆ ಇಬ್ಬರು ಲೆಕ್ಕ ಬರೆಯುವವರಿದ್ದಂತೆ. ಎರಡನ್ನೂ ಬೆರೆಸಿ ಒತ್ತಿದರೆ ಗೊಂದಲ ಖಂಡಿತ. ಇಂಟೆಲಿಜೆಯ ಐಡಿಯಾವಿಮ್‌ನಲ್ಲಿ ಯು ಕೀಲಿ ಇಂಟೆಲಿಜೆಯ ಅನ್‌ಡೂ ವ್ಯವಸ್ಥೆಯನ್ನೇ ಕರೆಯುತ್ತದೆ.

ಅನ್‌ಡೂಗೆ ಗೊತ್ತೇ ಇಲ್ಲದ ಬರಹ

‘ವಿಮ್‌ನಲ್ಲಿ ಬರೆದದ್ದು ಎಂದೂ ಕಳೆಯುವುದಿಲ್ಲ’ ಎಂಬ ಮಾತನ್ನೂ ಕೇಳಿರಬಹುದು. ಅದೂ ಪೂರ್ತಿ ನಿಜವಲ್ಲ.

ಇಡೀ ಇನ್ಸರ್ಟ್ ಒಂದೇ ಹಂತ ಎಂದೆವಲ್ಲ, ಅದರ ಪರಿಣಾಮ ನೋಡಿ. ನೀವು ಇನ್ಸರ್ಟ್ ಮೋಡ್‌ಗೆ ಹೋಗಿ ಒಂದು ವಾಕ್ಯ ಬರೆದಿರಿ. ಎಸ್ಕೇಪ್ ಒತ್ತದೆ, ಅದನ್ನು ಬ್ಯಾಕ್‌ಸ್ಪೇಸ್‌ನಿಂದ ಅಳಿಸಿ, ಬೇರೆ ವಾಕ್ಯ ಬರೆದಿರಿ. ಈಗ ಎಸ್ಕೇಪ್ ಒತ್ತಿದರೆ ವಿಮ್‌ಗೆ ಗೊತ್ತಿರುವುದು ಶುರುವಿನ ಸ್ಥಿತಿ ಮತ್ತು ಕೊನೆಯ ಸ್ಥಿತಿ ಎರಡೇ. ನಡುವೆ ಹುಟ್ಟಿ ಸತ್ತ ಮೊದಲ ವಾಕ್ಯ ಮರದ ಯಾವ ಕೊಂಬೆಯಲ್ಲೂ ಇಲ್ಲ. ನಾನ್‌ಸ್ಟಾಪ್ ಬಸ್ಸಿನಿಂದ ದಾರಿಯಲ್ಲಿ ಬಿದ್ದುಹೋದ ಚೀಲದ ಹಾಗೆ.

ಇದರಲ್ಲಿ ಹೆಚ್ಚು ಅಪಾಯದ್ದು ಕಂಟ್ರೋಲ್ ಯು. ವರ್ಡ್‌ನಲ್ಲಿ ಅದು ಅಕ್ಷರದ ಕೆಳಗೆ ಗೆರೆ ಎಳೆಯುತ್ತದೆ. ವಿಮ್‌ನ ಇನ್ಸರ್ಟ್ ಮೋಡ್‌ನಲ್ಲಿ ಆ ಸಾಲಿನಲ್ಲಿ ಕರ್ಸರ್‌ವರೆಗೆ ಈಗ ಬರೆದದ್ದನ್ನೆಲ್ಲ ಅಳಿಸುತ್ತದೆ. ಇದರಿಂದ ತೊಂದರೆಯಾಗುತ್ತದೆಂದೇ ವಿಮ್‌ನ ಈಚಿನ ಆವೃತ್ತಿಗಳ ಸಿದ್ಧ ಸೆಟ್ಟಿಂಗ್ ಕಡತದಲ್ಲೂ, ಅದರ ತಮ್ಮನಂತಿರುವ ನಿಯೋವಿಮ್‌ನಲ್ಲೂ, ಕಂಟ್ರೋಲ್ ಯು ಅಳಿಸುವ ಮೊದಲು ಒಂದು ಹೊಸ ಸ್ಟಾಪ್ ಹಾಕುವ ವ್ಯವಸ್ಥೆ ಮಾಡಿದ್ದಾರೆ. ಆದರೆ ವಿಮ್‌ನಲ್ಲಿ ನಿಮ್ಮದೇ ಸೆಟ್ಟಿಂಗ್ ಕಡತ ಮಾಡಿಕೊಂಡರೆ ಆ ಸಿದ್ಧ ಕಡತವನ್ನು ಅದು ತಾನಾಗಿ ಓದುವುದಿಲ್ಲ. ರಕ್ಷಣೆಯೂ ಹೋಗುತ್ತದೆ.

ಕನ್ನಡದಲ್ಲಿ ಬರೆಯುವವರು ಗಮನಿಸಿ

ಮೋಡ್ ಇರುವ ಎಡಿಟರ್‌ಗಳು ಇಂಗ್ಲಿಷ್ ಕೀಬೋರ್ಡಿಗೆಂದು ಹುಟ್ಟಿದವು. ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಆನ್ ಇದ್ದಾಗ ಯು ಕೀಲಿ ಒತ್ತಿದರೆ ಹೋಗುವುದು ‘ಹ’. ನಾರ್ಮಲ್ ಮೋಡ್‌ಗೆ ‘ಹ’ ಎಂಬ ಆಜ್ಞೆ ಗೊತ್ತಿಲ್ಲ. ನೀವು ಅನ್‌ಡೂ ಒತ್ತುತ್ತಲೇ ಇರುತ್ತೀರಿ, ಏನೂ ಆಗುವುದಿಲ್ಲ. ‘ಅನ್‌ಡೂ ಕೆಟ್ಟಿದೆ’ ಎಂದುಕೊಂಡು ಬೇರೆ ಕೀಲಿಗಳನ್ನು ಒತ್ತಲು ಹೋಗಬೇಡಿ. ಕೀಬೋರ್ಡನ್ನು ಇಂಗ್ಲಿಷ್‌ಗೆ ಬದಲಿಸಿ ಒತ್ತಿದರೆ ಸಾಕು. ವಿಮ್‌ನಲ್ಲೇ ‘ಕೀಮ್ಯಾಪ್’ ಎಂಬ ಸೌಲಭ್ಯವಿದೆ. ಅದು ಬೇರೆ ಭಾಷೆಯ ಅಕ್ಷರಗಳನ್ನು ಇನ್ಸರ್ಟ್ ಮೋಡ್‌ನಲ್ಲಿ ಮೂಡಿಸಿ, ನಾರ್ಮಲ್ ಮೋಡ್‌ನ ಆಜ್ಞೆಗಳನ್ನು ಇಂಗ್ಲಿಷ್‌ನಲ್ಲೇ ಬಿಡುತ್ತದೆ.

ಬರಹ ಮಾಯವಾದರೆ ಏನು ಮಾಡಬೇಕು?

1. ಮೊದಲು ಕೈ ಕೀಬೋರ್ಡಿನಿಂದ ತೆಗೆಯಿರಿ. ಒಂದು ಅಕ್ಷರವನ್ನೂ ಟೈಪ್ ಮಾಡಬೇಡಿ, ಸ್ಪೇಸ್ ಕೂಡ ಬೇಡ.

2. ರೀಡೂ ಮಾಡಿ. ಮೋಡ್ ಗೊತ್ತಿಲ್ಲದಿದ್ದರೆ ಮೌಸ್‌ನಿಂದ ‘ಎಡಿಟ್’ ಮೆನು ತೆರೆದು ರೀಡೂ ಆರಿಸಿ. ಆಗ ತಪ್ಪು ಅಕ್ಷರ ಬೀಳುವ ಅಪಾಯವಿಲ್ಲ.

3. ಬರಹ ವಾಪಸ್ ಬಂದ ಕೂಡಲೇ ಇಡೀ ಪುಟವನ್ನು ಕಾಪಿ ಮಾಡಿ ಬೇರೆ ಕಡತದಲ್ಲಿ ಹಾಕಿ. ತಪ್ಪು ಪದವನ್ನು ಆಮೇಲೆ ತಿದ್ದಬಹುದು.

4. ರೀಡೂ ಕೆಲಸ ಮಾಡದಿದ್ದರೆ ಕಡತ ಮುಚ್ಚಬೇಡಿ. ನಿಜವಾದ ವಿಮ್ ಆದರೆ ಜಿ ಮತ್ತು ಮೈನಸ್ ಪ್ರಯತ್ನಿಸಿ. ವಿಎಸ್ ಕೋಡ್‌ನಲ್ಲಿ ‘ಟೈಮ್‌ಲೈನ್’, ಇಂಟೆಲಿಜೆಯಲ್ಲಿ ‘ಲೋಕಲ್ ಹಿಸ್ಟರಿ’ ನೋಡಿ. ಅವು ಅನ್‌ಡೂ ಪಟ್ಟಿಯನ್ನು ಅವಲಂಬಿಸಿಲ್ಲ, ಹಳೆಯ ಪ್ರತಿಗಳನ್ನು ಪ್ರತ್ಯೇಕವಾಗಿ ಇಟ್ಟಿರುತ್ತವೆ.

5. ಮುಂದೆ ಹೀಗಾಗದಿರಲು, ಪ್ರತಿ ಪ್ಯಾರಾ ಮುಗಿದಾಗ ಒಮ್ಮೆ ಎಸ್ಕೇಪ್ ಒತ್ತಿ ಮತ್ತೆ ಇನ್ಸರ್ಟ್‌ಗೆ ಹೋಗುವ ಅಭ್ಯಾಸ ಮಾಡಿಕೊಳ್ಳಿ. ವಿಮ್‌ನಲ್ಲಿ ಬರೆಯುತ್ತಲೇ ಕಂಟ್ರೋಲ್ ಜಿ, ಆಮೇಲೆ ಯು ಒತ್ತಿದರೂ ಹೊಸ ಸ್ಟಾಪ್ ಬೀಳುತ್ತದೆ.

ಆಟೋಸೇವ್ ಇದೆ ಎಂದು ಧೈರ್ಯವಾಗಿರಬೇಡಿ. ಅದು ಪರದೆಯ ಮೇಲೆ ಏನಿದೆಯೋ ಅದನ್ನು ಉಳಿಸುತ್ತದೆ, ಖಾಲಿ ಪುಟವನ್ನೂ ಅಷ್ಟೇ ನಿಷ್ಠೆಯಿಂದ ಉಳಿಸುತ್ತದೆ.

ಕಡತ ಮುಚ್ಚಿ ತೆರೆದರೂ ಅನ್‌ಡೂ ಇತಿಹಾಸ ಉಳಿಯಬೇಕೆಂದರೆ ವಿಮ್‌ನಲ್ಲಿ 2010ರ 7.3 ಆವೃತ್ತಿಯಿಂದ ಆ ಸೌಲಭ್ಯವಿದೆ. ನಾವೇ ಆನ್ ಮಾಡಿಕೊಳ್ಳಬೇಕು. ಆದರೆ ಒಂದು ಎಚ್ಚರಿಕೆ. ಆ ಇತಿಹಾಸ ಇನ್ನೊಂದು ಕಡತದಲ್ಲಿ ಕೂರುತ್ತದೆ, ನೀವು ಅಳಿಸಿದ ಪದಗಳೂ ಅದರಲ್ಲಿರುತ್ತವೆ. ಪಾಸ್‌ವರ್ಡ್ ಬರೆದು ಅಳಿಸಿದ್ದರೆ, ಸಂದರ್ಶನ ಕೊಟ್ಟವರ ಹೆಸರು ತೆಗೆದಿದ್ದರೆ, ಅದು ನಿಜವಾಗಿ ಹೋಗಿಲ್ಲ ಎಂದೇ ತಿಳಿಯಿರಿ.

ನಿಮ್ಮ ಫೋನಿನಲ್ಲೂ ಇದೇ ಪ್ರಶ್ನೆ

ಫೋನಿನಲ್ಲಿ ವಿಮ್ ಬಳಸುವವರು ಕಡಿಮೆ. ಆದರೆ ‘ಅನ್‌ಡೂ’ ಎಂಬ ಪದ ಪ್ರತಿ ಆ್ಯಪ್‌ನಲ್ಲೂ ಬೇರೆ ಅರ್ಥ ಕೊಡುತ್ತದೆ ಎಂಬುದು ಅಲ್ಲೂ ನಿಜ. ಐಫೋನ್‌ನಲ್ಲಿ ಫೋನನ್ನು ಅಲುಗಾಡಿಸಿದರೆ ‘ಟೈಪಿಂಗ್ ಅನ್‌ಡೂ ಮಾಡಲೇ?’ ಎಂಬ ಪ್ರಶ್ನೆ ಬರುತ್ತದೆ. ಜಿಮೇಲ್‌ನ ‘ಅನ್‌ಡೂ ಸೆಂಡ್’ ಕಳಿಸಿದ ಮೇಲನ್ನು ವಾಪಸ್ ತರುವುದಿಲ್ಲ. ಅದು ಮೇಲನ್ನು ಕೆಲವು ಸೆಕೆಂಡು, ಹೆಚ್ಚೆಂದರೆ 30 ಸೆಕೆಂಡು, ತಡೆದಿಟ್ಟುಕೊಂಡಿರುತ್ತದೆ ಅಷ್ಟೇ. ವಾಟ್ಸಾಪ್‌ನಲ್ಲಿ ತಪ್ಪಿ ‘ಡಿಲೀಟ್ ಫಾರ್ ಮಿ’ ಒತ್ತಿದರೆ ಅನ್‌ಡೂಗೆ ಸಿಗುವುದು 5 ಸೆಕೆಂಡು. ಯೋಚಿಸದೆ ಕಳಿಸಿದ ಫಾರ್ವರ್ಡ್ ಅನ್ನು ‘ಡಿಲೀಟ್ ಫಾರ್ ಎವ್ರಿಒನ್’ ಮಾಡಬಹುದು, ಆದರೆ ಓದಿದವರ ತಲೆಯಿಂದ, ಅವರು ಮುಂದೆ ಕಳಿಸಿದ ಗುಂಪುಗಳಿಂದ ತೆಗೆಯಲಾಗುವುದಿಲ್ಲ.

ಒಟ್ಟಿನಲ್ಲಿ

‘ಅನ್‌ಡೂ ಒತ್ತಿದರೆ ಪುಟ ಹೋದರೆ ಅದು ವೈರಸ್’: ತಪ್ಪು. ಮೋಡ್ ಇರುವ ಎಡಿಟರ್‌ಗಳಲ್ಲಿ ಅದು ನಿಯಮ.

‘ಅನ್‌ಡೂ ಮಾಡಿದರೆ ಮತ್ತೆ ಬರಲ್ಲ’: ತಪ್ಪು. ಏನನ್ನೂ ಟೈಪ್ ಮಾಡದೆ ರೀಡೂ ಮಾಡಿದರೆ ಸಾಮಾನ್ಯವಾಗಿ ಬರುತ್ತದೆ.

‘ವಿಮ್ ಮೋಡ್ ಎಲ್ಲ ಕಡೆ ಒಂದೇ’: ತಪ್ಪು. ಕೀಲಿ ಒಂದೇ, ಇತಿಹಾಸ ಇಟ್ಟುಕೊಳ್ಳುವ ರೀತಿ ಬೇರೆ ಬೇರೆ. ಹೊಸ ಎಡಿಟರ್‌ನಲ್ಲಿ ಮುಖ್ಯವಾದದ್ದನ್ನು ಬರೆಯುವ ಮೊದಲು ನಾಲ್ಕು ಸಾಲು ಸುಮ್ಮನೆ ಬರೆದು, ಒಂದು ಅನ್‌ಡೂಗೆ ಎಷ್ಟು ಹೋಗುತ್ತದೆ, ರೀಡೂ ಎಲ್ಲಿದೆ ಎಂದು ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ.

ಅಂದು ರಾತ್ರಿ ಎರಡು ಗಂಟೆಯವರೆಗೆ ಕೂತು ಟಿಪ್ಪಣಿಯನ್ನು ಮತ್ತೆ ಬರೆದೆ. ಬಹುಪಾಲು ನೆನಪಾಯಿತು. ಸಭೆಯಲ್ಲಿದ್ದ ಒಬ್ಬ ಅಜ್ಜಿ ಒಂದು ಫಾರ್ವರ್ಡ್ ಬಗ್ಗೆ ಆಡಿದ ಮಾತನ್ನು ಮಾತ್ರ ಅವರದೇ ಪದಗಳಲ್ಲಿ ಹಿಡಿಯಲಾಗಲಿಲ್ಲ. ಅರ್ಥ ನೆನಪಿತ್ತು, ಮಾತು ನೆನಪಿರಲಿಲ್ಲ. ನಾನೇ ಕಟ್ಟಿದ ವಾಕ್ಯವನ್ನು ಅವರ ಬಾಯಲ್ಲಿ ಹಾಕುವಂತಿರಲಿಲ್ಲ. ನನ್ನ ಪ್ರಬಂಧದಲ್ಲಿ ಆ ಜಾಗದಲ್ಲಿ ‘ಹಿರಿಯ ಸದಸ್ಯೆಯೊಬ್ಬರು ಇದನ್ನು ಒಪ್ಪಲಿಲ್ಲ’ ಎಂದಷ್ಟೇ ಇದೆ.